ಆಸ್ಪತ್ರೆ ಕಡೆಯ ದೊಡ್ಡಮ್ಮ

ಹೊಸ ರೆಕ್ಸಿನ್ ವಾಸನೆ ನಿಮಗೆ ಹಿಡಿಸುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನಮ್ಮ ಮನೆಯವರಿಗಂತೂ ಅದರಿಂದ ತಲೆನೋವು ಬರುತ್ತದೆ. ನನಗೆ ಮಾತ್ರ ಅದು ಮೂಗಿಗೆ ಬಡಿದರೆ ಯಾರೋ ನಮ್ಮವರು ಬಂದು ಪಕ್ಕದಲ್ಲಿ ಕೂತ ಹಾಗಾಗುತ್ತದೆ. ಮೊನ್ನೆ ಮಧ್ಯಾಹ್ನ ಯಲಹಂಕದ ನಮ್ಮ ಅಂಚೆ ಕಚೇರಿಯಲ್ಲಿ ಅರ್ಧ ದಿನದ ರಜೆ ಬರೆದುಕೊಟ್ಟು ಒಂದು ಆಟೋ ಹತ್ತಿದೆ. ಸೀಟಿಗೆ ಆಗಷ್ಟೇ ಹೊಸ ಹೊದಿಕೆ ಹಾಕಿಸಿದ್ದರು. ಅಂಚಿನಲ್ಲಿ ದಾರದ ತುದಿಯನ್ನು ಇನ್ನೂ ಕತ್ತರಿಸಿರಲಿಲ್ಲ. ನಾನು ಮೂಗರಳಿಸಿ ಎರಡು ಸಲ ಉಸಿರೆಳೆದುಕೊಂಡಿದ್ದನ್ನು ಡ್ರೈವರು ಕನ್ನಡಿಯಲ್ಲಿ ನೋಡಿದರು.

"ವಾಸ್ನೆ ಬರ್ತಿದ್ಯಾ ಮೇಡಂ? ನಿನ್ನೆ ತಾನೆ ಹಾಕ್ಸಿದ್ದು. ಎರಡ್ ದಿನ ಆದ್ರೆ ಹೋಗ್ಬಿಡುತ್ತೆ."

"ಸಾರಿ, ಹಾಗಲ್ಲ, ಚೆನ್ನಾಗಿದೆ" ಎಂದೆ.

ನೋಡಿ, ಚೆನ್ನಾಗಿದೆ ಎನ್ನುವುದಕ್ಕೂ ಮುಂಚೆ ಒಂದು ಸಾರಿ. ಅದು ನನ್ನ ನಾಲಿಗೆಗೆ ಹತ್ತಿದ ಹಳೆಯ ಕಾಯಿಲೆ. ಬಸ್ಸಿನಲ್ಲಿ ನನ್ನ ಕಾಲು ತುಳಿದವರಿಗೂ ನಾನೇ ಸಾರಿ ಕೇಳುತ್ತೇನೆ. ಒಮ್ಮೆ ನಮ್ಮ ಕಚೇರಿಯ ಗಾಜಿನ ಬಾಗಿಲಿಗೆ ಡಿಕ್ಕಿ ಹೊಡೆದು ಬಾಗಿಲಿಗೂ ಕೇಳಿದ್ದೇನೆ.

ನಾನು ಹೊರಟಿದ್ದದ್ದು ಮಗಳ ಶಾಲೆಗೆ. ನಿಧಿ ಈಗ ಒಂಬತ್ತನೇ ಕ್ಲಾಸು. ಹಿಂದಿನ ದಿನ ಶಾಲೆಯಿಂದ ಫೋನು ಬಂದಿತ್ತು. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಇವಳ ಓದು ನೋಡಿದರೆ ಹೀಗಿದೆ, ಟಿಸಿ ತೆಗೆದುಕೊಂಡು ಹೊರಗಿನಿಂದ ಪರೀಕ್ಷೆ ಕಟ್ಟಿಸುವುದು ಅವಳಿಗೂ ಶಾಲೆಗೂ ಒಳ್ಳೆಯದು, ಬಂದು ಪ್ರಿನ್ಸಿಪಾಲರ ಹತ್ತಿರ ಮಾತಾಡಿ ಎಂದರು. ಇಂಥ ಕರೆ ಬಂದಾಗ ನಾನು ಹೋಗುವುದಿಲ್ಲ. ನಮ್ಮಲ್ಲಿ ಒಂದು ಪದ್ಧತಿಯಿದೆ. ನನ್ನ ಮಗಳ ಶಾಲೆಗೆ ಮುಮ್ತಾಜ್ ಆಪಾ ಹೋಗುತ್ತಾರೆ. ಅವಳು ಎರಡನೇ ಕ್ಲಾಸಿನಲ್ಲಿದ್ದಾಗಿನಿಂದ ಅವರೇ ಹೋಗಿರುವುದು. ಆದರೆ ಆಪಾ ಈಗ ಮಂಡಿ ಆಪರೇಷನ್ ಮಾಡಿಸಿಕೊಂಡು ಆರ್.ಟಿ. ನಗರದ ಮನೆಯಲ್ಲಿ ಕಾಲು ಚಾಚಿ ಮಲಗಿದ್ದಾರೆ. "ನೀನೇ ಹೋಗು ಪೋಸ್ಟಮ್ಮಾ" ಎಂದು ಫೋನಿನಲ್ಲಿ ಹೇಳಿದ್ದರು. ಎಷ್ಟು ಸುಲಭವಾಗಿ ಹೇಳಿದರು!

ಹೆಬ್ಬಾಳದ ಫ್ಲೈಓವರ್ ಇನ್ನೂ ಅಷ್ಟು ದೂರ ಇರುವಾಗಲೇ ಆಟೋ ನಿಂತಿತು. ಅಲ್ಲಿ ನಿಂತದ್ದು ಯಾವಾಗ ಹೊರಡುತ್ತದೆಂದು ಬ್ರಹ್ಮನೂ ಹೇಳಲಾರ. ಹೇಗೂ ಹೊತ್ತಿದೆ, ಆಪಾ ಯಾರೆಂದು ನಿಮಗೆ ಹೇಳಿಬಿಡುತ್ತೇನೆ.

ನಿಧಿ ಏಳು ತಿಂಗಳು ತುಂಬುವ ಮೊದಲೇ ಹುಟ್ಟಿದಳು. ತೂಕ ಒಂಬೈನೂರ ಎಂಬತ್ತು ಗ್ರಾಂ. ನಾನು ಕಂಡದ್ದು ಒಂದು ಗಾಜಿನ ಪೆಟ್ಟಿಗೆ, ಅದರೊಳಗೆ ನನ್ನ ಅಂಗೈ ಅಗಲದ ಒಂದು ಬೆನ್ನು. ಮಕ್ಕಳನ್ನು ಇಟ್ಟಿದ್ದ ಐಸಿಯುವಿನ ಹೊರಗೆ ಒಂದು ಹಾಲ್. ಅಲ್ಲಿ ನಮ್ಮಂಥವರು ಹಗಲೆಲ್ಲ ಕುರ್ಚಿಗೆ ಅಂಟಿಕೊಂಡಿರುತ್ತಿದ್ದೆವು. ಮಕ್ಕಳಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಇಡಲು ಧೈರ್ಯವೂ ಇರಲಿಲ್ಲ ಎನ್ನಿ. ಹಾಗಾಗಿ ಒಬ್ಬರನ್ನೊಬ್ಬರು ಮಕ್ಕಳ ತೂಕದಿಂದ ಕರೆಯುವ ಅಭ್ಯಾಸ ಹೇಗೋ ಶುರುವಾಗಿಬಿಟ್ಟಿತ್ತು. "ಏನ್ರೀ ಸಾವಿರದ ನೂರು, ತಿಂಡಿ ಆಯ್ತಾ?" "ಒಂಬೈನೂರ ಎಂಬತ್ತು, ನಿಮ್ಮನ್ನ ಸಿಸ್ಟರ್ ಕರೀತಿದಾರೆ." ಈಗ ನೆನೆದರೆ ನಗು ಬರುತ್ತದೆ. ಆಗ ನಮಗೆ ಅದು ಬಿರುದಿನ ಹಾಗೆ. ಮಗುವಿಗೆ ಹತ್ತು ಗ್ರಾಂ ಏರಿತೆಂದು ಹಾಲ್‌ನಲ್ಲಿ ಕೂತಿದ್ದ ಎಲ್ಲರಿಗೂ ಸಕ್ಕರೆ ಹಂಚಿದವರನ್ನು ನಾನು ಕಂಡಿದ್ದೇನೆ.

ಆ ಹಾಲ್‌ನಲ್ಲಿ ಸಿಂಗಾಪುರದ ಮುನಿಯಮ್ಮಜ್ಜಿ ಇದ್ದರು. ಸಿಂಗಾಪುರ ಎಂದರೆ ವಿಮಾನ ಹತ್ತಬೇಡಿ, ವಿದ್ಯಾರಣ್ಯಪುರದ ಪಕ್ಕದ್ದು. ಅಜ್ಜಿಯ ಮೊಮ್ಮಗ ಒಂದೂವರೆ ಕೆಜಿ. ಒಂದೂವರೆಯವರು ನಮ್ಮ ಪಾಲಿಗೆ ಶ್ರೀಮಂತರು. ಸೊಸೆಗೆ ಜ್ವರ ಬಂದು ಮಲಗಿದ್ದರಿಂದ ಅಜ್ಜಿಯೇ ಒಂದು ದೊಡ್ಡ ಕ್ಯಾರಿಯರಿನಲ್ಲಿ ಮುದ್ದೆ, ಸೊಪ್ಪಿನ ಸಾರು ತಂದು ಕೂರುತ್ತಿದ್ದರು. ಜಾತಿ ಕುಲ ಕೇಳದೆ, ಹಸಿವಿದೆಯೋ ಎಂದೂ ಕೇಳದೆ ಬಡಿಸುತ್ತಿದ್ದರು.

ಇನ್ನೊಬ್ಬರು ಮುಮ್ತಾಜ್ ಆಪಾ, ಸಾವಿರದ ಇನ್ನೂರು. ಅವರ ಯಜಮಾನರಿಗೆ ಆಟೋಗಳ ಸೀಟು ಹೊಲಿಯುವ ಅಂಗಡಿ. ಆಪಾ ಮನೆಯಲ್ಲಿ ಕೂತು ಹೊಲಿಗೆ ಹಾಕಿಕೊಡುತ್ತಿದ್ದರು. ಬೆರಳಿಗೆ ಹತ್ತಿದ ರೆಕ್ಸಿನ್ ವಾಸನೆ ಹೋಗಲಿಲ್ಲವೆಂದು ನರ್ಸು ಅವರಿಗೆ ಮೂರು ಮೂರು ಸಲ ಕೈ ತೊಳೆಸುತ್ತಿದ್ದರು. ತಾಯಂದಿರು ಹಾಲು ತೆಗೆದು ಬಾಟಲಿಗೆ ತುಂಬುವ ಪುಟ್ಟ ಕೋಣೆಯಲ್ಲಿ ನಾವಿಬ್ಬರೂ ಅಕ್ಕಪಕ್ಕ. ಮೊದಲ ವಾರ ನನಗೆ ಹಾಲಿಗಿಂತ ಕಣ್ಣೀರೇ ಹೆಚ್ಚು ಬರುತ್ತಿತ್ತು. ಆಪಾ ನನ್ನ ಬೆನ್ನ ಮೇಲೆ ಕೈಯಿಟ್ಟು, "ರೋನಾ ನಕ್ಕೋ ಅಮ್ಮಾ, ಅಳ್ಬೇಡ. ಅತ್ರೆ ಹಾಲ್ ಬತ್ತೋಗುತ್ತೆ. ಆಮೇಲ್ ಬೇಕಾದ್ರೆ ಇಬ್ರೂ ಕೂತು ಅಳೋಣ" ಎನ್ನುತ್ತಿದ್ದರು. ಮೂರು ಸಲ ತೊಳೆದರೂ ಅವರ ಕೈಯಲ್ಲಿ ಆ ವಾಸನೆ ಇದ್ದೇ ಇತ್ತು.

ನನ್ನ ಸಾರಿ ಕಾಯಿಲೆ ಅಂಟಿಕೊಂಡದ್ದು ಅಲ್ಲೇ. ಹೆರಿಗೆಯ ಹಿಂದಿನ ವಾರ ಕಚೇರಿಯಲ್ಲಿ ಒಂದು ಪಾರ್ಸೆಲ್ ಚೀಲವನ್ನು ನಾನೇ ಎಳೆದು ಪಕ್ಕಕ್ಕಿಟ್ಟಿದ್ದೆ. ಎಲ್ಲ ಅದರಿಂದಲೇ ಆಯಿತೆಂದು ತಲೆಯಲ್ಲಿ ಕೂತುಬಿಟ್ಟಿತು. ಡಾಕ್ಟರಿಗೆ ಸಾರಿ ಕೇಳಿದೆ, ಅತ್ತೆಗೆ ಕೇಳಿದೆ, ಗಾಜಿನ ಪೆಟ್ಟಿಗೆಯ ಹತ್ತಿರ ಬಾಗಿ ದಿನಕ್ಕೆ ಹತ್ತು ಸಲ ಕೇಳಿದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಇದು ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಬುದ್ಧಿಗೆ ತಿಳಿಯಿತು, ನಾಲಿಗೆಗೆ ತಿಳಿಯಲಿಲ್ಲ. ರಜೆ ಮುಗಿದು ಮತ್ತೆ ಕೌಂಟರಿನಲ್ಲಿ ಕೂತ ಮೊದಲ ದಿನ ಯಾರೋ ಒಂದು ಪಾರ್ಸೆಲ್ ತಂದರು. ತಕ್ಕಡಿ ಒಂಬೈನೂರ ಎಂಬತ್ತು ಎಂದು ತೋರಿಸಿತು. ನಾನು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹಾಗೇ ಕೂತುಬಿಟ್ಟೆ. ಆಚೆಯವರು, "ಮೇಡಂ, ಅದು ಬರೀ ಚಪ್ಲಿ ಮೇಡಂ, ಒಡೆಯೋ ವಸ್ತು ಏನಲ್ಲ" ಎಂದರು. ಸಾರಿ ಕೇಳಿ ಸೀಲು ಒತ್ತಿದೆ.

ಮಗು ಮನೆಗೆ ಬಂತು, ಬೆಳೆಯಿತು, ತೂಕದ ಲೆಕ್ಕವನ್ನು ಮರೆತೆವು. ಆಸ್ಪತ್ರೆಯವರ ನಂಟೂ ಕಳಚಿತು. ಆಮೇಲೆ ಶಾಲೆ ಬಂತು.

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಮಾಡಿದವರು ಶಾಲೆಯ ಡೈರಿಯನ್ನು ನೋಡಿರಲಿಲ್ಲ. ಕೂತಲ್ಲಿ ಕೂರುವುದಿಲ್ಲ. ಪೆನ್ಸಿಲು ಕಳೆದಿದ್ದಾಳೆ. ಪಕ್ಕದವಳ ಪೆನ್ಸಿಲನ್ನೂ ಕಳೆದಿದ್ದಾಳೆ. ಪ್ರಶ್ನೆ ಮುಗಿಯುವ ಮುಂಚೆ ಉತ್ತರ ಕೂಗುತ್ತಾಳೆ, ಅದೂ ಬೇರೆ ಪ್ರಶ್ನೆಯ ಉತ್ತರ. ಒಂದನೇ ಕ್ಲಾಸಿನ ಡೈರಿಯಲ್ಲಿ ಕೆಂಪು ಶಾಯಿ ಎಷ್ಟಿತ್ತೆಂದರೆ ನೀಲಿ ಶಾಯಿಯಲ್ಲಿ ಏನಾದರೂ ಬರೆದಿದ್ದರೆ ನನಗೇ ಗಾಬರಿಯಾಗುತ್ತಿತ್ತು. ಪ್ರತಿ ಪುಟದ ಕೆಳಗೆ ನನ್ನ ಸಹಿ, ಪಕ್ಕದಲ್ಲಿ ಒಂದು ಸಾರಿ. ಮನೆಯಲ್ಲಿ ನಾನು ಕಿರುಚುತ್ತಿದ್ದೆ, ಒಂದೆರಡು ಸಲ ಹೊಡೆದೂ ಇದ್ದೇನೆ. ಅವಳು ಮಲಗಿದ ಮೇಲೆ ಅವಳ ಪಾದ ಹಿಡಿದುಕೊಂಡು ಸಾರಿ ಕೇಳುತ್ತಿದ್ದೆ. "ನಾನೂ ಚಿಕ್ಕವನಿದ್ದಾಗ ಹೀಗೇ ಇದ್ದೆ ಕಣೇ, ಈಗ ಸರಿ ಹೋಗಿಲ್ವಾ?" ಎಂದು ನಮ್ಮ ಮನೆಯವರು ಸಮಾಧಾನ ಮಾಡುತ್ತ ಸ್ಕೂಟರಿನ ಕೀಲಿ ಹುಡುಕುತ್ತಿದ್ದರು. ಕೀಲಿ ಅವರ ಇನ್ನೊಂದು ಕೈಯಲ್ಲೇ ಇರುತ್ತಿತ್ತು.

ಕೊನೆಗೆ ಬ್ಯಾಟರಾಯನಪುರದಲ್ಲಿ ನಮ್ಮ ಮನೆಗೆ ಹತ್ತಿರದ ಒಂದು ಮಕ್ಕಳ ಕ್ಲಿನಿಕ್ಕಿಗೆ ಹೋದೆವು. ಎರಡು ಮೂರು ಸಲ ಕರೆಸಿ, ಆಟವಾಡಿಸಿ, ಶಾಲೆಯವರನ್ನೂ ಕೇಳಿ, ಇದು ಎಡಿಎಚ್‌ಡಿ ಎಂದು ಡಾಕ್ಟರು ಹೇಳಿದರು. ಮಗು ಹಟಮಾರಿಯಲ್ಲ, ಬೇಕೆಂದು ಮಾಡುತ್ತಿಲ್ಲ. ಗಮನವನ್ನು ಒಂದು ಕಡೆ ನಿಲ್ಲಿಸುವುದು, ಆತುರವನ್ನು ತಡೆಯುವುದು ಅವಳಿಗೆ ನಿಜವಾಗಿಯೂ ಕಷ್ಟ. ತುಂಬ ಮುಂಚೆ ಹುಟ್ಟಿದ ಮಕ್ಕಳಲ್ಲಿ ಇದು ಸ್ವಲ್ಪ ಹೆಚ್ಚಾಗಿ ಕಾಣುತ್ತದೆ ಎಂದರು. ಆ ಕೊನೆಯ ಮಾತು ಬಂದು ನೇರ ನಾನು ಅವತ್ತು ಎಳೆದಿದ್ದ ಪಾರ್ಸೆಲ್ ಚೀಲದ ಮೇಲೆ ಬಿತ್ತು. "ಸಾರಿ ಡಾಕ್ಟರ್" ಎಂದೆ. ಅವರು ಪಾಪ, ಯಾಕೆಂದು ತಿಳಿಯದೆ ನೀರು ಕೊಟ್ಟರು.

ಹೊರಗೆ ಬಂದು ನಿಧಿಯ ಚಪ್ಪಲಿ ಹುಡುಕುತ್ತಿದ್ದೆ. ಒಂದು ಸಿಕ್ಕಿತ್ತು, ಇನ್ನೊಂದು ಇರಲಿಲ್ಲ. ಮೂಲೆಯ ಬೆಂಚಿನಿಂದ ಬುರ್ಖಾ ತೊಟ್ಟ ಒಬ್ಬರು ಎದ್ದು ನಿಂತು, ಇಡೀ ಕ್ಲಿನಿಕ್ಕಿಗೆ ಕೇಳುವ ಹಾಗೆ ಕೂಗಿದರು: "ಅರೇ! ಒಂಬೈನೂರ ಎಂಬತ್ತು!"

ಆರು ವರ್ಷದ ಮೇಲೆ ನನ್ನನ್ನು ಆ ಹೆಸರಿನಿಂದ ಕರೆದವರು ಯಾರೆಂದು ನೋಡುವ ಮುಂಚೆಯೇ ನನಗೆ ವಾಸನೆ ಬಂತು. ಅವರ ಮಗ ಅಯಾನ್ ಆಗ ಕ್ಲಿನಿಕ್ಕಿನ ಮೀನಿನ ತೊಟ್ಟಿಯೊಳಗೆ ಮೊಣಕೈವರೆಗೆ ಕೈ ಹಾಕಿದ್ದ. ಪಕ್ಕದಲ್ಲಿ ನಿಂತು ಯಾವ ಮೀನು ಹಿಡಿಯಬೇಕೆಂದು ಸಲಹೆ ಕೊಡುತ್ತಿದ್ದವಳು ನನ್ನ ಮಗಳು. ನಮ್ಮಿಬ್ಬರ ಮಕ್ಕಳಿಗೂ ಡಾಕ್ಟರು ಹೇಳಿದ್ದು ಒಂದೇ ಹೆಸರೆಂದು ತಿಳಿದಾಗ ಆಪಾ, "ಅವತ್ತು ಬಾಕಿ ಇಟ್ಟಿದ್ವಲ್ಲ, ಕೂತು ಅಳೋದು, ಈಗ ಅತ್ಬಿಡೋಣ್ವಾ?" ಎಂದರು. ಇಬ್ಬರೂ ಅತ್ತೆವು. ಆಮೇಲೆ ಚಪ್ಪಲಿ ಹುಡುಕಿದೆವು. ಅದು ಮೀನಿನ ತೊಟ್ಟಿಯಲ್ಲಿತ್ತು.

ಮುನಿಯಮ್ಮಜ್ಜಿಯನ್ನು ಹುಡುಕಿದವರೂ ಆಪಾ. ಅವರ ಮೊಮ್ಮಗ ತೇಜಸ್‌ಗೂ ಹೀಗೇ ಎಂದು ಯಾರಿಂದಲೋ ತಿಳಿದಿತ್ತಂತೆ. ಅವನ ಅಮ್ಮ ಗಾರ್ಮೆಂಟ್ಸಿಗೆ ಹೋಗುವುದರಿಂದ ಅವನನ್ನು ನೋಡಿಕೊಳ್ಳುವ ಕೆಲಸ ಅಜ್ಜಿಯದು. ಭಾನುವಾರ ಮೂರೂ ಮನೆಯವರು ಸಿಂಗಾಪುರದಲ್ಲಿ ಸೇರಲು ಶುರು ಮಾಡಿದೆವು. ಸುತ್ತ ಲೇಔಟುಗಳು ಎದ್ದರೂ ಅಜ್ಜಿಯ ಮನೆಯ ಅಂಗಳ ಹಾಗೇ ಇತ್ತು, ಅಂಗಳದಲ್ಲೊಂದು ಹುಣಸೆ ಮರವೂ ಇತ್ತು. ಓಡುವ ಮಕ್ಕಳನ್ನು ಯಾರೂ ಕೂರು ಎನ್ನದ ಜಾಗ ಈ ಊರಿನಲ್ಲಿ ನಮಗೆ ಅದೊಂದೇ ಗೊತ್ತಿದ್ದದ್ದು.

ತೊಡೆಯ ಮೇಲೆ ಸ್ವಲ್ಪ ಭಾರ ಇಟ್ಟರೆ ಕೆಲವು ಮಕ್ಕಳು ಹೆಚ್ಚು ಹೊತ್ತು ಕೂರುತ್ತಾರೆ ಎಂದು ಕ್ಲಿನಿಕ್ಕಿನ ಥೆರಪಿಸ್ಟ್ ಹೇಳಿದ್ದರು. ಆಪಾ ಕೇಳಿಸಿಕೊಂಡವರೇ ಗಿಳಿಹಸಿರು ರೆಕ್ಸಿನ್ನಿನ ತುಂಡು ತಂದು ಮೂರು ಚೀಲ ಹೊಲಿದರು. ಒಳಗೆ ರಾಗಿ ತುಂಬಿದೆವು. ನಿಧಿ ಅದರ ಮೇಲೆ ನೀರಿನ ಬಾಟಲಿ ಚೆಲ್ಲಿದಳು. ನಾಲ್ಕನೇ ದಿನ ಹೊಲಿಗೆಯ ಸಂದಿನಿಂದ ಮೊಳಕೆ ಇಣುಕಿತು. "ಇಟ್ಟಂಗೇ ಬಿಡಿ, ಪೈರಾಯ್ತದೆ" ಎಂದು ಅಜ್ಜಿ ನಕ್ಕು, ಹುಣಸೆಹಣ್ಣು ಕುಟ್ಟಿ ಉಳಿದಿದ್ದ ಬೀಜವನ್ನು ಮೊರದ ತುಂಬ ತಂದು ಸುರಿದರು. ತೊಳೆದು ಒಣಗಿಸಿ ತುಂಬಿದೆವು. ಈಗ ನನ್ನ ಕೈಚೀಲದಲ್ಲಿರುವುದು ಆ ಮೊದಲ ಮೂರರಲ್ಲಿ ಒಂದು. ಬಣ್ಣ ಮಾಸಿದೆ, ಮೂಲೆಯಲ್ಲಿ ನಿಧಿಯ ಹಲ್ಲಿನ ಗುರುತಿದೆ.

ಆದರೆ ನಮ್ಮನ್ನು ಉಳಿಸಿದ್ದು ಬೀಜದ ಚೀಲವಲ್ಲ, ಅಜ್ಜಿಯ ಒಂದು ಮಾತು. ಒಂದು ಭಾನುವಾರ ನಿಧಿ ಊಟ ಬಿಟ್ಟು ಏಳನೇ ಸಲ ಎದ್ದಾಗ ನಾನು ಎಲ್ಲರೆದುರು ಕಿರುಚಿಬಿಟ್ಟೆ. ಅಜ್ಜಿ ಬಂದು ನನ್ನ ಕೈಯಿಂದ ತಟ್ಟೆ ತೆಗೆದುಕೊಂಡರು.

"ಅಲ್ಲ ಕಣವ್ವಾ, ಈಗ್ ತಾನೆ ನನ್ ಮೊಮ್ಮಗ ನಿನ್ ಸೀರೆ ಮ್ಯಾಲೆ ಸಾರ್ ಚೆಲ್ದಾಗ ನಗ್ತಾ ಇದ್ದೆ. ನಿನ್ ಮಗಳು ಎದ್ರೆ ಇಂಗ್ ಕಿರುಚ್ತೀಯ. ಇದೆಂಗೆ?"

"ಸಾರಿ ಅಜ್ಜಿ..."

"ಅಯ್ಯೋ, ಸಾರಿ ಕಟ್ಕಂಡು ಏನ್ ಮಾಡ್ಲಿ? ಅವ್ನ ನೀನ್ ನೋಡ್ಕೋ. ಇವ್ಳ ಮುಮ್ತಾಜಮ್ಮ ನೋಡ್ಕಳ್ಳಿ. ಅವಳ್ ಮಗನ್ನ ನಾನ್ ನೋಡ್ಕಂತೀನಿ. ಪರರ ಮಕ್ಳ ಮ್ಯಾಲೆ ಯಾರ್ಗೂ ಅಷ್ಟ್ ಬ್ಯಾಗ ಕ್ವಾಪ ಬರಾಕಿಲ್ಲ."

ಅದಲು ಬದಲು ಶುರುವಾದದ್ದು ಹೀಗೆ. ಭಾನುವಾರ ಎರಡು ಮೂರು ಗಂಟೆ ನಮ್ಮ ಮಗು ಇನ್ನೊಬ್ಬರದು, ಇನ್ನೊಬ್ಬರ ಮಗು ನಮ್ಮದು. ಮೊದಲ ಸಲ ನಿಧಿಯನ್ನು ಆಪಾ ಜೊತೆ ಕಳಿಸುವಾಗ ಹಳೆಯ ಅಂಚೆ ಫಾರಂಗಳ ಹಿಂದೆ ನಾಲ್ಕು ಪುಟ ಸೂಚನೆ ಬರೆದುಕೊಟ್ಟಿದ್ದೆ: ಏನು ಕೊಡಬಾರದು, ಯಾವುದರ ಹತ್ತಿರ ಬಿಡಬಾರದು, ಎಷ್ಟು ಸಲ ಎಚ್ಚರಿಸಬೇಕು. ಆಪಾ ಅದನ್ನು ಗೌರವದಿಂದ ತೆಗೆದುಕೊಂಡು, ಗೇಟು ದಾಟುತ್ತಲೇ ಪೊಟ್ಟಣ ಕಟ್ಟಿ ಮಕ್ಕಳಿಗೆ ಕಡಲೆಕಾಯಿ ತುಂಬಿಕೊಟ್ಟರು. ಪೋಸ್ಟಮ್ಮ ಎಂಬ ಹೆಸರು ನನಗೆ ಬಂದದ್ದು ಅವತ್ತೇ.

ಮಗುವನ್ನು ವಾಪಸ್ ಕೊಡುವಾಗಿನ ನಿಯಮವನ್ನು ಮಾಡಿದವರೂ ಅಜ್ಜಿ. ದೂರು ಹೇಳುವ ಹಾಗಿಲ್ಲ. ಕಂಡದ್ದರಲ್ಲಿ ಒಳ್ಳೆಯದು ಒಂದು ಹೇಳಬೇಕು, ಒಂದೇ. ಅದಕ್ಕೆ "ಆದರೆ" ಸೇರಿಸಬಾರದು. ಕೇಳಲು ಸುಲಭ. ಒಮ್ಮೆ ಪ್ರಯತ್ನಿಸಿ ನೋಡಿ, "ಆದರೆ" ಎಂಬ ಪದ ನಮ್ಮ ಬಾಯಲ್ಲಿ ಎಲ್ಲೆಲ್ಲಿ ಅಡಗಿ ಕೂತಿದೆಯೆಂದು ಗೊತ್ತಾಗುತ್ತದೆ.

ಆ ಸಂಜೆ ಆಪಾ ನಿಧಿಯನ್ನು ಕರೆತಂದು ಅಂಗಳದಲ್ಲಿ ನಿಂತರು. "ಇವತ್ತು ಏನ್ ಕಂಡೆ?" ಎಂದು ಅಜ್ಜಿ ಕೇಳಿದರು. "ಹೊಲಿಗೆ ಮಿಷಿನ್ ಓಡ್ತಾ ಇತ್ತು. ಇವಳು ಆ ಕಡೆ ರೂಮಲ್ಲಿ ಆಡ್ತಾ ಇದ್ಲು. ಓಡ್ ಬಂದು, ಆಂಟಿ, ಸದ್ದು ಬೇರೆ ಥರ ಆಗಿದೆ ನಿಲ್ಸಿ ಅಂದ್ಲು. ನಿಲ್ಸಿ ನೋಡಿದ್ರೆ ಬೆಲ್ಟ್ ಮುಕ್ಕಾಲು ಹರ್ದಿದೆ. ನಂಗೆ ಇಪ್ಪತ್ ವರ್ಷದ ಮಿಷಿನ್, ನಂಗೇ ಕೇಳ್ಸಿಲ್ಲ."

ಹೊರಗಿನ ಒಂದೊಂದು ಸದ್ದಿಗೂ ತಲೆ ತಿರುಗಿಸುತ್ತಾಳೆ ಎಂದೂ ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು, ಅದೇ ಕಿವಿ ಇದು. ನನ್ನ ಮಗಳ ಬಗ್ಗೆ ಹೊರಗಿನವರೊಬ್ಬರು ಒಳ್ಳೆಯ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನು ಏನೆಂದೆ ಹೇಳಿ? "ಸಾರಿ ಆಪಾ, ಮಿಷಿನ್ ಮುಟ್ಟಿದ್ಲಾ?" ಅಜ್ಜಿ ನನ್ನ ತಲೆಯ ಮೇಲೆ ಮೊಟಕಿದರು, ಸ್ವಲ್ಪ ಜೋರಾಗಿಯೇ.

ಮರುವರ್ಷ ಎರಡನೇ ಕ್ಲಾಸಿನಲ್ಲಿ ಶಾಲೆಯಿಂದ ನಾಲ್ಕನೇ ಸಲ ಕರೆ ಬಂತು. ಮೊದಲ ಮೂರು ಸಲ ನಾನೇ ಹೋಗಿ, ಹೆಡ್‌ಮಿಸ್ ಹೇಳಿದ್ದಕ್ಕೆಲ್ಲ ಸಾರಿ ಕೇಳಿ, ಕೊಟ್ಟ ಕಾಗದಕ್ಕೆಲ್ಲ ಸಹಿ ಹಾಕಿ ಬಂದಿದ್ದೆ. ಈ ಸಲ ಟಿಸಿ ವಿಷಯ. ಆಪಾಗೆ ಹೇಳಿಕೊಂಡು ಅತ್ತೆ. ಅವರು, "ನೀನ್ ಹೋದ್ರೆ ಟಿಸಿ ಕೊಟ್ಟಿದ್ದಕ್ಕೂ ಥ್ಯಾಂಕ್ಸ್ ಹೇಳಿ ಬರ್ತೀಯ. ಭಾನುವಾರ ಮಕ್ಕಳನ್ನ ಬದಲಾಯಿಸ್ತೀವಲ್ಲ, ಮೀಟಿಂಗೂ ಬದಲಾಯಿಸೋಣ. ನಿನ್ನ ಮಗಳಿಗೆ ನಾನ್ ಹೋಗ್ತೀನಿ. ನೀನು ಪಕ್ಕದಲ್ಲಿ ಕೂತ್ಕೋ, ಬಾಯಿ ತೆಗೀಬೇಡ" ಎಂದರು.

ಹೋದೆವು. ಹೆಡ್‌ಮಿಸ್ ಆಪಾ ಅವರ ಬುರ್ಖಾ ನೋಡಿದರು, ಫೈಲಿನಲ್ಲಿದ್ದ ನಮ್ಮ ಹೆಸರು ನೋಡಿದರು.

"ನೀವು ಯಾರು?"

"ಮಗೂಗೆ ದೊಡ್ಡಮ್ಮ."

"ಅಂದ್ರೆ... ಅಪ್ಪನ ಕಡೆಯಿಂದಾನೋ, ಅಮ್ಮನ ಕಡೆಯಿಂದಾನೋ?"

"ಆಸ್ಪತ್ರೆ ಕಡೆಯಿಂದ ಮೇಡಂ."

ಹೆಡ್‌ಮಿಸ್ ಮತ್ತೊಮ್ಮೆ ಫೈಲು ತಿರುವಿದರು. ಆ ಸಂದಿನಲ್ಲಿ ಆಪಾ ಮಾತು ಶುರು ಮಾಡಿದರು. ಬೇಡಿಕೊಳ್ಳಲಿಲ್ಲ, ಜಗಳ ಮಾಡಲಿಲ್ಲ. ಒಂದು ವರ್ಷದ ಭಾನುವಾರಗಳಲ್ಲಿ ಕಂಡದ್ದನ್ನು ಹೇಳಿದರು. ಮೂರು ಕೆಲಸ ಒಟ್ಟಿಗೆ ಹೇಳಿದರೆ ಕೊನೆಯದು ಮಾತ್ರ ಇವಳ ತಲೆಯಲ್ಲಿ ಉಳಿಯುತ್ತದೆ, ಒಂದೊಂದೇ ಹೇಳಿದರೆ ಮೂರನ್ನೂ ಮಾಡುತ್ತಾಳೆ. ಕಿಟಕಿ ಪಕ್ಕ ಬೇಡ, ಮುಂದಿನ ಬೆಂಚು ಕೊಡಿ. ಹೇಗೂ ಎದ್ದು ಓಡಾಡುತ್ತಾಳೆ, ಸ್ಟಾಫ್ ರೂಮಿನಿಂದ ಚಾಕ್‌ಪೀಸ್ ತರುವುದಕ್ಕೆ ಇವಳನ್ನೇ ಕಳಿಸಿ. ಇಷ್ಟು ಹೇಳಿ ಹಸಿರು ಚೀಲವನ್ನು ಮೇಜಿನ ಮೇಲಿಟ್ಟರು. ಹೆಡ್‌ಮಿಸ್ ಅದನ್ನು ಎತ್ತಿ ನೋಡಿ, ಏನೂ ಯೋಚಿಸದೆ ತಮ್ಮ ತೊಡೆಯ ಮೇಲಿಟ್ಟುಕೊಂಡರು. ಮಾತು ಮುಗಿಯುವವರೆಗೂ ಬೀಜಗಳನ್ನು ಬೆರಳಲ್ಲಿ ಒತ್ತುತ್ತಲೇ ಇದ್ದರು. ನಾವು ಹೊರಡುವಾಗ ಹೆಡ್‌ಮಿಸ್, "ದಸರಾ ರಜದವರೆಗೆ ನೋಡೋಣ" ಎಂದರು. ಆಮೇಲೆ ದನಿ ತಗ್ಗಿಸಿ, "ಇಂಥದ್ದು ಇನ್ನೊಂದು ಸಿಗುತ್ತಾ?" ಎಂದು ಕೇಳಿದರು.

ದಸರಾ ಕಳೆಯಿತು, ವರ್ಷ ಕಳೆಯಿತು, ನಿಧಿ ಅಲ್ಲೇ ಉಳಿದಳು. ಎಲ್ಲ ಸರಿಹೋಯಿತೆಂದು ತಿಳಿಯಬೇಡಿ. ಮಾತ್ರೆ, ಥೆರಪಿ, ಕಳೆದ ಟಿಫಿನ್ ಡಬ್ಬಿಗಳು, ಎಲ್ಲ ಇದ್ದವು. ಹೈಸ್ಕೂಲಿಗೆ ಹೆಬ್ಬಾಳದ ಆಚೆಯ ಬೇರೆ ಶಾಲೆಗೆ ಸೇರಿಸಬೇಕಾಯಿತು. ಅಯಾನ್ ಪರವಾಗಿ ನಾನು ದೊಡ್ಡಮ್ಮನಾಗಿ ಹೋದ ಶಾಲೆಯವರು ಒಪ್ಪಲೇ ಇಲ್ಲ, ಅವನಿಗೆ ಬೇರೆ ಕಡೆ ಸೀಟು ಹುಡುಕಿದೆವು. ಆದರೆ ಅವತ್ತು ನನಗೊಂದು ಆಶ್ಚರ್ಯ ಕಾದಿತ್ತು. ಅಯಾನ್ ಬಗ್ಗೆ ಅರ್ಧ ಗಂಟೆ ಮಾತಾಡಿದೆ, ಒಂದು ಸಲವೂ ನಾಲಿಗೆ ಸಾರಿ ಎನ್ನಲಿಲ್ಲ. ಪರರ ಮಗುವಿಗಾಗಿ ನಾಚಿಕೆಪಡುವುದು ನನಗೆ ಗೊತ್ತೇ ಇರಲಿಲ್ಲ!

ಆಮೇಲೆ ಆಸ್ಪತ್ರೆಯ ನರ್ಸು, ಕ್ಲಿನಿಕ್ಕಿನವರು ಇಂಥ ಮಕ್ಕಳ ಹೆತ್ತವರನ್ನು ಒಬ್ಬೊಬ್ಬರಾಗಿ ನಮ್ಮ ಕಡೆ ಕಳಿಸಿದರು. ಈಗ ಫೋನಿನಲ್ಲಿ ನಮ್ಮದೊಂದು ಗುಂಪು ಇದೆ, ಹೆಸರು ಹುಣಸೆಬೀಜ. ಸೋಲದೇವನಹಳ್ಳಿಯಿಂದ ಯಶವಂತಪುರದವರೆಗೆ ಯಾವ ಶಾಲೆಯಿಂದ ಕರೆ ಬಂದರೂ ಯಾರಾದರೊಬ್ಬರು ದೊಡ್ಡಮ್ಮನೋ ದೊಡ್ಡಪ್ಪನೋ ಹೊರಡುತ್ತಾರೆ. ನಮ್ಮ ಮನೆಯವರೂ ಎರಡು ಸಲ ದೊಡ್ಡಪ್ಪನಾಗಿದ್ದಾರೆ. ಒಮ್ಮೆ ಬೇರೆ ಶಾಲೆಗೇ ಹೋಗಿ ಕೂತಿದ್ದರು. ನಾನು ಎಷ್ಟು ಹೆಡ್‌ಮಿಸ್‌ಗಳ ಎದುರು ಕೂತಿದ್ದೇನೋ ಲೆಕ್ಕವಿಟ್ಟಿಲ್ಲ. ನನ್ನ ಸ್ವಂತ ಮಗಳಿಗಾಗಿ ಮಾತ್ರ ಸಾರಿ ಬಿಟ್ಟು ಬೇರೆ ಮಾತಿಗೆ ಒಮ್ಮೆಯೂ ಬಾಯಿ ತೆರೆದಿರಲಿಲ್ಲ.

ಆಟೋ ಕೊನೆಗೂ ಹೊರಟಿತು. ಮುನಿಯಮ್ಮಜ್ಜಿಗೆ ಫೋನು ಮಾಡಿದೆ. ಅವರು ಬರುವ ಹಾಗಿರಲಿಲ್ಲ. ಕಿವಿ ಮಂದವಾಗಿದೆ, ಕಾಲೂ ಅಷ್ಟೇ. "ಭಯ ಆಗ್ತಿದೆ ಅಜ್ಜಿ" ಎಂದು ಕೂಗಿ ಹೇಳಿದೆ. ಡ್ರೈವರು ಬೆಚ್ಚಿ ಹಿಂತಿರುಗಿ ನೋಡಿದರು. "ಓಗವ್ವಾ ಓಗು, ನೀನ್ ಯಾರ್ಗೇನ್ ಕಮ್ಮಿ" ಎಂದರು ಅಜ್ಜಿ.

ಪ್ರಿನ್ಸಿಪಾಲರು ಹೊಸಬರು, ಸುಮಾರು ನನ್ನ ವಯಸ್ಸಿನವರು. ನಿಧಿಯನ್ನು ಕ್ಲಾಸಿನಿಂದ ಕರೆಸಿದ್ದರು. ಅವಳು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಒಂದು ಕಾಲು ಅಲ್ಲಾಡಿಸುತ್ತಿದ್ದಳು. ನನಗಿಂತ ಎತ್ತರವಾಗಿದ್ದಾಳೆ. ಆ ಒಂಬೈನೂರ ಎಂಬತ್ತು ಗ್ರಾಮಿನ ಬೆನ್ನು ಇದೇ ಎಂದು ಯಾರಿಗಾದರೂ ಹೇಳಿದರೆ ನಂಬಲಾರರು. ನಾನು ಚೀಲ ತೆಗೆದು ಅವಳ ತೊಡೆಯ ಮೇಲಿಟ್ಟೆ.

"ತಾವು...?" ಎಂದು ಪ್ರಿನ್ಸಿಪಾಲರು ಕೇಳಿದರು.

"ದೊಡ್ಡಮ್ಮ" ಎಂದೆ.

ಇಷ್ಟು ವರ್ಷ, ಇಷ್ಟು ಶಾಲೆಗಳಲ್ಲಿ ಹೇಳಿ ಹೇಳಿ ರೂಢಿಯಾಗಿದ್ದ ಮಾತು, ಕೇಳಿದ ತಕ್ಷಣ ಜಾರಿ ಹೊರಗೆ ಬಿತ್ತು. ನಿಧಿಯ ಕಾಲು ನಿಂತಿತು. ಹೆತ್ತ ಮಗಳಿಗೇ ದೊಡ್ಡಮ್ಮ ಎಂದೆನಲ್ಲಾ! ಪ್ರಿನ್ಸಿಪಾಲರು ಫೈಲು ತಿರುವುತ್ತ, "ತಾಯಿ ಬರಲಿಲ್ವಾ?" ಎಂದರು. ಸಾರಿ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ನಿಧಿ, ಅವಳ ಅಭ್ಯಾಸದಂತೆ, ನನ್ನ ಸರದಿಗಿಂತ ಮುಂಚೆ ಉತ್ತರ ಕೊಟ್ಟಳು.

"ಅಮ್ಮ ಬಂದಿದ್ರೆ ಬರೀ ಸಾರಿ ಕೇಳ್ತಿದ್ರು ಸಾರ್. ಅದಕ್ಕೇ ದೊಡ್ಡಮ್ಮ ಬಂದಿದಾರೆ."

ಅವಳ ಮುಖ ನೋಡಿದೆ. ನಗುತ್ತಿರಲಿಲ್ಲ. ಗೇಲಿಯೂ ಇರಲಿಲ್ಲ. ಹುಟ್ಟಿದಾಗಿನಿಂದ ಅವಳು ನನ್ನ ಸಾರಿಯನ್ನು ಕೇಳುತ್ತ ಬೆಳೆದಿದ್ದಾಳೆ. ಆ ಒಂದೊಂದು "ಸಾರಿ"ಯೂ ಅವಳು ಹುಟ್ಟಿದ್ದಕ್ಕೇ ನಾನು ಕೇಳಿದ ಕ್ಷಮೆಯ ಹಾಗೆ ಅವಳಿಗೆ ಕೇಳಿಸಿರಬೇಕೆಂದು ನನಗೆ ಆ ಕುರ್ಚಿಯಲ್ಲಿ ಕೂತಾಗ ಹೊಳೆಯಿತು. ಸಾರಿಯನ್ನು ನುಂಗಿಕೊಂಡೆ. ನುಂಗಲು ಕಷ್ಟವಾಯಿತು, ಹದಿನಾಲ್ಕು ವರ್ಷದ್ದು.

ಆಮೇಲೆ ದೊಡ್ಡಮ್ಮನ ಹಾಗೆಯೇ ಮಾತಾಡಿದೆ. ಈ ಹುಡುಗಿಯನ್ನು ನಾನು ಎಷ್ಟೋ ಭಾನುವಾರ ನೋಡಿದ್ದೇನೆ ಸಾರ್ ಎಂದು ಶುರು ಮಾಡಿದೆ. ನಲವತ್ತು ನಿಮಿಷ ಕೂತು ಓದುತ್ತಾಳೆ, ಐದು ನಿಮಿಷ ಓಡಾಡಿದರೆ ಮತ್ತೆ ನಲವತ್ತು ನಿಮಿಷ ಕೂರುತ್ತಾಳೆ. ಉತ್ತರ ಗೊತ್ತಿರುತ್ತದೆ, ಬರೆಯಲು ಹೊತ್ತು ಸಾಲುವುದಿಲ್ಲ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಿ ಅರ್ಜಿ ಹಾಕಬಹುದು, ಡಾಕ್ಟರ ಪತ್ರ ಇಲ್ಲಿದೆ, ಅದು ಶಾಲೆಯ ಮೂಲಕ ಹೋಗಬೇಕು. ಹೊರಗಿನಿಂದ ಕಟ್ಟಿಸಿದರೆ ಅವಳು ಒಬ್ಬಳಾಗಿಬಿಡುತ್ತಾಳೆ. "ಇನ್ನೊಂದು ಸಾರ್. ಮಧ್ಯಾಹ್ನ ಮೂರನೇ ಕ್ಲಾಸಿನ ಮಕ್ಕಳನ್ನ ಬಸ್ಸಿಗೆ ಹತ್ತಿಸೋದು ಯಾರು ಅಂತ ಡ್ರೈವರನ್ನ ಕೇಳಿ. ಹೋದ ವರ್ಷದಿಂದ ಅಲ್ಲಿ ಒಂದು ಮಗೂನೂ ಬ್ಯಾಗ್ ಮರೆತು ಹೋಗಿಲ್ಲ. ಇವಳದು ಮಾತ್ರ ಶಾಲೆಯಲ್ಲೇ ಉಳಿಯುತ್ತೆ."

ಪ್ರಿನ್ಸಿಪಾಲರು ನಿಧಿಯ ಕಡೆ ನೋಡಿದರು. "ಅದು ನೀನಾ? ಆ ಮಕ್ಕಳು ಅಕ್ಕಾ ಅಕ್ಕಾ ಅಂತ ಕೂಗ್ತಾ ಇರ್ತಾರಲ್ಲ?" ಎಂದು ಕೇಳಿ ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ಹಾಕುವುದು ತೆಗೆಯುವುದು ಮಾಡಿದರು. ಕೊನೆಗೆ, "ಆಯ್ತು. ಇಲ್ಲಿಂದಲೇ ಬರೀಲಿ. ಅರ್ಜಿ ಕೊಡಿ, ನಾನು ಕಳಿಸ್ತೀನಿ" ಎಂದರು. ಮನೆಯಲ್ಲೇ ತುಂಬಿಸಿ ತಂದಿದ್ದ ಅರ್ಜಿಯನ್ನು ಕೊಟ್ಟೆ. ಅವರು ಓದಿ ವಾಪಸ್ ನನ್ನ ಕಡೆ ತಳ್ಳಿದರು. "ಇಲ್ಲಿ ಅವರ ತಾಯಿ ಸಹಿ ಆಗ್ಬೇಕು. ಹಾಕಿಸ್ಕೊಂಡ್ ಬನ್ನಿ."

ಪೆನ್ನು ತೆಗೆದು ಅಲ್ಲೇ ಸಹಿ ಹಾಕಿದೆ. ಅವರು ಸಹಿ ನೋಡಿದರು, ನನ್ನನ್ನು ನೋಡಿದರು.

"ತಾಯಿನೂ ನಾನೇ ಸಾರ್" ಎಂದೆ.

"ಮತ್ತೆ ದೊಡ್ಡಮ್ಮ?"

"ಅದೂ ನಾನೇ. ದೊಡ್ಡ ಕತೆ ಸಾರ್, ಆಸ್ಪತ್ರೆ ಕಡೆಯದು."

ಅವರು ನಕ್ಕರೋ ಬಿಟ್ಟರೋ ನನಗೆ ಕಾಣಲಿಲ್ಲ. ಕಣ್ಣು ಮಂಜಾಗಿತ್ತು.

ಶಾಲೆ ಬಿಡುವ ಗಂಟೆ ಹೊಡೆದಿತ್ತು. ಮೂರನೇ ಕ್ಲಾಸಿನವರನ್ನು ಬಸ್ಸಿಗೆ ಹತ್ತಿಸಿ, ತನ್ನ ಬ್ಯಾಗ್ ಮರೆತು, ಮತ್ತೆ ಓಡಿಹೋಗಿ ತಂದು ನಿಧಿ ಗೇಟಿನ ಹತ್ತಿರ ಬಂದಳು. ನನ್ನ ಕೈಯಿಂದ ಫೋನು ಕಿತ್ತುಕೊಂಡು ಮುಮ್ತಾಜ್ ಆಪಾಗೆ ಕರೆ ಮಾಡಿದಳು.

"ದೊಡ್ಡಮ್ಮಾ, ಟಿಸಿ ಇಲ್ಲ. ನಿಮ್ ಪೋಸ್ಟಮ್ಮನ್ನ ವಾಪಸ್ ಕಳಿಸ್ತಿದೀನಿ."

ಆ ಕಡೆಯಿಂದ ಆಪಾ ದನಿ ಜೋರಾಗಿಯೇ ಕೇಳಿಸಿತು. "ಇವತ್ತು ಏನ್ ಕಂಡೆ?"

"ಒಳಗೆ ಒಂದ್ಸಲಾನೂ ಸಾರಿ ಅನ್ಲಿಲ್ಲ."

ಆಪಾ ಮೂಗು ಸೇದಿದ ಸದ್ದು ಬಂತು.

ಒಳಗೆ ಹೋಗುವ ಮುಂಚೆ ಇದೇ ಗೇಟಿನ ಸೆಕ್ಯುರಿಟಿಯವರಿಗೆ, ಹೆಸರು ಬರೆಯುವ ಪುಸ್ತಕದಲ್ಲಿ ಒಂದು ಗೆರೆ ಬಿಟ್ಟು ಬರೆದೆನೆಂದು, ನಾನು ಮೂರು ಸಲ ಸಾರಿ ಕೇಳಿದ್ದೆ. ಅವರು ಅಲ್ಲೇ ಕೂತು ನನ್ನನ್ನೇ ನೋಡುತ್ತಿದ್ದರು. ಆ ಮೂರರ ವಿಷಯ ನಾನು ಬಾಯಿ ಬಿಡಲಿಲ್ಲ. ಯಾರನ್ನೇ ಆಗಲಿ ವಾಪಸ್ ಕೊಡುವಾಗ ದೂರು ಹೇಳಬಾರದೆಂಬುದು ನಮ್ಮ ನಿಯಮ.